ಕೌದಿಯ ಕೆಳಗಿನ ಪೆಟ್ಟಿಗೆಗಳು

ಬಿಳಿ ಅಂಗಿಯ ಮನುಷ್ಯ ಚಹಾ ಮುಟ್ಟಲಿಲ್ಲ. ನೀರು ಕೊಟ್ಟರೆ ಅದೂ ಬೇಡವೆಂದ. ನೀಲಪ್ಪ ಲೋಟವನ್ನು ಮೇಜಿನ ಮೇಲಿಟ್ಟ. ಚಹಾ ಕುಡಿಯುವ ಅಧಿಕಾರಿಯನ್ನು ಹೇಗೋ ಒಲಿಸಿಕೊಂಡು ಸಾಗಹಾಕಬಹುದು. ನೀರನ್ನೂ ಮುಟ್ಟದವನ ಮುಂದೆ ಏನೂ ನಡೆಯುವುದಿಲ್ಲ.

ಅದು ೧೯೮೬ರ ಬೇಸಿಗೆ. ಸವಣೂರಿನಲ್ಲಿ ನೀಲಪ್ಪನದು ರೇಡಿಯೋ ರಿಪೇರಿ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ರೇಡಿಯೋ ಹೆಸರಿಗೆ ಮಾತ್ರ. ಹೊಟ್ಟೆ ತುಂಬಿಸುತ್ತಿದ್ದದ್ದು ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು. ಅರಬ್ ದೇಶಗಳಿಗೆ ಹೋದವರು, ಮುಂಬಯಿಯಲ್ಲಿ ಹಡಗಿನ ಕೆಲಸಕ್ಕಿದ್ದವರು ತಂದು, ಮಕ್ಕಳು ಆಡಿ ಬೇಸತ್ತು, ಕಡೆಗೆ ಅಟ್ಟ ಸೇರಿದ ಹಳೆಯ ಮಾಲು. ಶಿಗ್ಗಾಂವಿ, ಹಾನಗಲ್ಲು ಸುತ್ತಿ ಅವನು ಅವನ್ನು ಕೊಂಡು ತರುತ್ತಿದ್ದ. ತಂಗಿ ಶೇಖವ್ವ ಕೈಯಲ್ಲಿ ಹಿಡಿದು ಆಡುವ ಹಿಡಿಕೆಗಳ ಸಂದಿಯ ಕೊಳೆ ತೆಗೆದು, ಗುಂಡಿಗಳಿಗೆ ಎಣ್ಣೆ ಬಿಟ್ಟು ಸಿದ್ಧಮಾಡುತ್ತಿದ್ದಳು.

ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬನಿಗೆ ಇವುಗಳನ್ನು ಕೂಡಿಡುವ ಹುಚ್ಚು. ಬಣ್ಣದ ಹೊಸ ಆಟ ಅವನಿಗೆ ಬೇಡ. ಮೊಟ್ಟಮೊದಲು ಬಂದವೇ ಬೇಕು: ಮರದ ಪಟ್ಟಿಯವು, ತಿರುವುವ ಗುಂಡಿಯವು, ಪರದೆಯ ಮೇಲೆ ಒಂದು ಚುಕ್ಕೆ, ಎರಡು ಗೆರೆ ಬಿಟ್ಟರೆ ಬೇರೇನೂ ತೋರಿಸದಂಥವು. ಸೋಮವಾರ ಬಂದು ಎಲ್ಲವನ್ನೂ ಒಯ್ಯುವೆನೆಂದು ಹೇಳಿಕಳಿಸಿದ್ದ. ಆ ವ್ಯಾಪಾರ ಕುದುರಿದರೆ ಶೇಖವ್ವನ ತಾಳಿ, ಸೀರೆ, ಮದುವೆಯ ಊಟ ಎಲ್ಲ ಆದಂತೆ. ಬರಿಗೈಯ ಮನೆ ಎಂದು ಎರಡು ಸಂಬಂಧಗಳು ಈಗಾಗಲೇ ತಪ್ಪಿದ್ದವು. ಮೂರನೆಯದನ್ನು ಸಂಬಂಧ ಕುದುರಿಸುವ ಉಳಿವೆಪ್ಪ ತಂದಿದ್ದ. ಅಮಾವಾಸ್ಯೆ ಕಳೆದ ಮೇಲೆ ಹಿರೇಕೆರೂರಿನಿಂದ ಹುಡುಗನ ಕಡೆಯವರು ಗಾಡಿ ಮಾಡಿಕೊಂಡು ಕನ್ಯೆ ನೋಡಲು ಬರುವುದೆಂದು ಮಾತಾಗಿತ್ತು.

ಆದರೆ ಪೆಟ್ಟಿಗೆಗಳಲ್ಲಿ ಒಂದಕ್ಕೂ ರಸೀದಿ ಇರಲಿಲ್ಲ. ಹಿಂದಿನ ವಾರವಷ್ಟೇ ಹುಬ್ಬಳ್ಳಿಯಲ್ಲಿ ಇದೇ ಧಂಧೆಯವನೊಬ್ಬನ ಅಂಗಡಿಗೆ ಕಸ್ಟಮ್ಸಿನವರು ನುಗ್ಗಿ, ಮಾಲನ್ನೂ ಮಾಲೀಕನನ್ನೂ ಒಂದೇ ಜೀಪಿನಲ್ಲಿ ಹೊತ್ತೊಯ್ದಿದ್ದರು.

ಬೆಳಿಗ್ಗೆ, ಖಾರದ ತಿಂಡಿ ಕರಿದು ಮಾರುವ ಪಕ್ಕದ ಮನೆಯ ದಾವಲಬಿ ಬಾಣಲೆ ಇಳಿಸಿ ಹಿತ್ತಲ ಗೋಡೆಯ ಹತ್ತಿರ ಬಂದಿದ್ದಳು.

“ಯಾರೋ ಬಿಳಿ ಅಂಗಿಯವ ನಿನ್ನ ಬಗ್ಗೆ ಕೇಳಾಕತ್ತಾನ. ಧಂಧೆ ಏನು, ಕುಡಿತಾನೇನು, ಕೋರ್ಟು-ಕಚೇರಿ ಏನರ ಅದಾವೇನು ಅಂತ. ನಾ ಏನೂ ಬಾಯಿ ಬಿಟ್ಟಿಲ್ಲ ನೋಡಪಾ. ಖಾರಾ ಕಟ್ಟಿ ಕೊಟ್ಟು ಕಳಿಸೇನಿ.”

ನೀಲಪ್ಪ ಮಾಲನ್ನೆಲ್ಲ ಒಳಕೋಣೆಗೆ ಸಾಗಿಸಿ ಮಂಚದ ಕೆಳಗೆ ತುರುಕಿದ. ಮೇಲಿನಿಂದ ಕೌದಿಯನ್ನು ನೆಲ ಮುಟ್ಟುವಂತೆ ಇಳಿಬಿಟ್ಟು, ಶೇಖವ್ವನಿಗೆ ಅದರ ಮೇಲೆ ಮಲಗೆಂದ. ಅವಳು ನಕ್ಕಳು.

“ಇದ ನಿನ್ನ ಚಾಳಿ, ಅಣ್ಣಾ. ಟೀವಿ ಆಟದಾಗೂ ಚೆಂಡು ಬರೂಕಿಂತ ಮೊದಲ ಬ್ಯಾಟ್ ಸರಸ್ತಿ.”

ನಕ್ಕರೂ ಮಲಗಿದಳು. ಅಣ್ಣನ ಮಾತು ಮೀರಿದವಳಲ್ಲ.

ಈಗ ಆ ಮನುಷ್ಯ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದ. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ಚರ್ಮದ ಚೀಲ. ತೊಲೆ ನೋಡಿದ, ಗೋಡೆ ನೋಡಿದ. ಅವಸರದಲ್ಲಿ ಮೇಜಿನ ಮೇಲೆಯೇ ಉಳಿದುಹೋಗಿದ್ದ ಕಪ್ಪು ಹಿಡಿಕೆಯೊಂದನ್ನು ಎತ್ತಿ ತಿರುವಿದ. ಯಾರು, ಎಲ್ಲಿಂದ ಬಂದಿರಿ ಎಂದು ನೀಲಪ್ಪ ಮೆಲ್ಲಗೆ ಕೇಳಿದ.

“ಎಲ್ಲಾ ನೋಡಿ ಹೋಗಾಕ ಬಂದೇನಿ. ಹೇಳಿ ಬಂದ್ರ ಖರೇ ಕಾಣೂದಿಲ್ಲ.”

ಮಾಲೆಲ್ಲ ನಿಮ್ಮದೇ ಏನು ಎಂದು ಆ ಮನುಷ್ಯ ಕೇಳಿದಾಗ, ಒಂದು ಮೊಳೆಯೂ ತನ್ನದಲ್ಲವೆಂದ. ಅಂಗಡಿ ಬಾಡಿಗೆಯದು, ಮೇಜು ಕೈಗಡ, ಹಿಡಿಕೆ ಯಾರೋ ರಿಪೇರಿಗೆ ಬಿಟ್ಟುಹೋದದ್ದು. ಮನುಷ್ಯ ತಲೆದೂಗಿದ. ಸುಳ್ಳು ನಾಟಿತೆಂದು ನೀಲಪ್ಪನಿಗೆ ಧೈರ್ಯ ಬಂತು.

ಅಷ್ಟರಲ್ಲಿ ಆ ಮನುಷ್ಯ ಎದ್ದು ಒಳಕೋಣೆಯ ಕಡೆ ನಡೆದ. ಬಾಗಿಲು ಅರೆ ತೆರೆದಿತ್ತು. ಮಂಚ, ಕೌದಿ, ಮುಸುಕು ಹಾಕಿ ಮಲಗಿದ ಹೆಣ್ಣುಮಗಳು.

“ಯಾರ್ರಿ ಅವರು?”

“ತಂಗಿ.” ಆ ಮನುಷ್ಯ ಇನ್ನೊಂದು ಹೆಜ್ಜೆ ಇಟ್ಟರೆ ಕೌದಿಯ ಅಂಚು ಕಾಲಿಗೆ ತಾಗುತ್ತಿತ್ತು. ನೀಲಪ್ಪ ಅಡ್ಡ ಬಂದು ನಿಂತ. “ಒಳಗ ಹೋಗಬ್ಯಾಡ್ರಿ. ಅಕಿಗೆ ಕ್ಷಯ ಐತ್ರಿ. ಅಂಟೂ ರೋಗ.”

ಮಂಚದ ಮೇಲಿಂದ ಕೆಮ್ಮು ಕೇಳಿಸಿತು. ಒಮ್ಮೆ, ಮತ್ತೊಮ್ಮೆ, ಆಮೇಲೆ ಎದೆ ಹರಿಯುವಂತೆ. ಕೆಮ್ಮು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಣ್ಣನ ಕಷ್ಟ ಅವಳಿಗೆ ಅರ್ಥವಾಗಿತ್ತು.

ಎಷ್ಟು ದಿನದಿಂದ ಎಂದು ಆ ಮನುಷ್ಯ ತಗ್ಗಿದ ದನಿಯಲ್ಲಿ ಕೇಳಿದ. ವರ್ಷದ ಮೇಲಾಯಿತು, ಡಾಕ್ಟರರೂ ಕೈಬಿಟ್ಟಿದ್ದಾರೆ ಎಂದ ನೀಲಪ್ಪ. ಸುಳ್ಳಿಗೆ ಒಮ್ಮೆ ಕಾಲು ಬಂದರೆ ಅದು ತಾನೇ ನಡೆಯುತ್ತದೆ.

ಮನುಷ್ಯ ಹಿಂದೆ ಸರಿದು ಚಪ್ಪಲಿ ಮೆಟ್ಟಿಕೊಂಡ. ಅವನ ಮುಖ ಬಾಡಿತ್ತು.

“ಇದನ್ನ ಮೊದಲ ಹೇಳಬೇಕಿತ್ತು, ತಮ್ಮಾ.”

ನೀಲಪ್ಪ ಬಸ್ ನಿಲ್ದಾಣದವರೆಗೂ ಜೊತೆಗೆ ಹೋದ. ಮರ್ಯಾದೆಗಲ್ಲ, ಅವನು ಊರು ಬಿಡುವುದನ್ನು ಕಣ್ಣಾರೆ ನೋಡಬೇಕಿತ್ತು. ದಾರಿಯುದ್ದಕ್ಕೂ ಆ ಮನುಷ್ಯ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ನೀಲಪ್ಪನಿಗೋ, ಬಹಳ ದಿನಗಳ ಮೇಲೆ ಉಸಿರು ಹಗುರಾಗಿತ್ತು. ಸೋಮವಾರ ಇನ್ನೆಷ್ಟು ದೂರ?

ಹಾವೇರಿಯ ಬಸ್ಸು ಬಂದು ನಿಂತಿತು. ರುಮಾಲು ಸರಿಪಡಿಸಿಕೊಳ್ಳುತ್ತ ಉಳಿವೆಪ್ಪ ಇಳಿದ. ಇಬ್ಬರನ್ನೂ ಒಟ್ಟಿಗೆ ಕಂಡು ಅವನ ಮುಖ ಅರಳಿತು.

“ಬೆಳಿಗ್ಗಿ ಬಸ್ ತಪ್ಪಿತೋ ನೀಲಪ್ಪ, ಇಲ್ಲಂದ್ರ ನಾನ ಕರಕೊಂಡು ಬರ್ತಿದ್ದೆ,” ಎಂದು ಬಿಳಿ ಅಂಗಿಯ ಮನುಷ್ಯನಿಗೆ ಕೈಮುಗಿದ. “ಇವರು ಹುಡುಗನ ಸೋದರಮಾವ. ಹಿಂಗ ಹೇಳದ ಬಂದು, ನೀರೂ ಮುಟ್ಟದ ನೋಡೂದು ಇವರ ಮನಿತನದ ಪದ್ಧತಿ. ನಮ್ಮ ಶೇಖವ್ವನ್ನ ತೋರಿಸಿದಿ ಹೌದಿಲ್ಲೊ?”