ಅರೆಗಳಿಗೆ ತಡ

ಮುರಿದ ಸೇತುವೆಯೊಂದನ್ನು ದಾಟಲು ಲೇಥ್ ಮೇಸ್ತ್ರಿಗೆ ತಗುಲಿದ ಖರ್ಚು ಇಷ್ಟು: ನಾಲ್ಕು ತಿಂಗಳು, ರಿಮೋಟಿಗೆ ಹನ್ನೆರಡು ಸೆಲ್ಲು, ಇನ್ನೂರ ಎಪ್ಪತ್ತಮೂರು ಸಾವು. ಸಾವಿನ ಲೆಕ್ಕ ಇಟ್ಟವಳು ಹೆಂಡತಿ. ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದಳು. ಸೇತುವೆ ಇದ್ದದ್ದು ಟೀವಿಯೊಳಗೆ, ಸಾಯುತ್ತಿದ್ದವನು ವಿಡಿಯೋ ಗೇಮಿನ ಸಿಪಾಯಿ. ಮೇಸ್ತ್ರಿಯ ಬಲಗೈ ಮಾತ್ರ ನಿಜವಾಗಿಯೇ ಹೋಗಿತ್ತು. ಹಿಂದಿನ ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುತ್ತ ತಿರುಗುವ ಲೇಥು ಅಂಗಿಯ ತೋಳನ್ನು ಕಚ್ಚಿ ಎಳೆದಿತ್ತು. ಕೈ ಉಳಿಯಿತು, ಬೆರಳುಗಳು ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಕೆಲಸವೂ ಹೋಯಿತು. ಎಡಗೈಗಾದರೂ ಅಭ್ಯಾಸವಾಗಲಿ, ಗೋಡೆ ನೋಡುತ್ತ ಕೂರುವುದು ತಪ್ಪಲಿ ಎಂದು ಮಗಳು ಯಾರೋ ಆಡಿ ಬಿಟ್ಟ ಗೇಮನ್ನು ತಂದುಕೊಟ್ಟಿದ್ದಳು.

ಅದನ್ನು ಆಡಲು ಎರಡು ಕೈ ಬೇಕು. ಎಡಗಡೆಯ ಕಡ್ಡಿ ತಿರುಗಿಸಿದರೆ ಸಿಪಾಯಿ ನಡೆಯುತ್ತಾನೆ, ಬಲಗಡೆಯ ಬಟನ್ ಒತ್ತಿದರೆ ನೆಗೆಯುತ್ತಾನೆ. ಹಾಗಾಗಿ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಹೆಂಡತಿ ಗಿಡ್ಡ ಸ್ಟೂಲು ಎಳೆದುಕೊಂಡು ಅವನ ಬಲಕ್ಕೆ ಕೂರುತ್ತಿದ್ದಳು. ರಿಮೋಟಿನ ಅರ್ಧ ಅವನ ಕೈಯಲ್ಲಿ, ಅರ್ಧ ಇವಳ ಕೈಯಲ್ಲಿ. ಅವನು "ನೆಗಿ" ಅನ್ನಬೇಕು, ಇವಳು ಒತ್ತಬೇಕು. ಒತ್ತುತ್ತಿದ್ದಳು, ಆದರೆ ಅರೆಗಳಿಗೆ ತಡ. ಸಿಪಾಯಿ ಹೊಳೆಗೆ ಬೀಳುತ್ತಿದ್ದ.

"ದಿನಕ್ಕೆ ಸಾವಿರ ಮಾತ್ರೆ ಎಣಿಸೋ ಕೈ ಕಣೇ ಇದು. ಇಲ್ಲಿಗೆ ಬಂದ್ರೆ ಅದಕ್ಕೇನಾಗುತ್ತೆ?"

"ಮಾತ್ರೆ ಓಡಿಹೋಗಲ್ಲ ರೀ. ನಿಮ್ಮ ಸಿಪಾಯಿ ಓಡ್ತಾನೆ."

ಹಳೇ ಯಂತ್ರ, ಸತ್ತವನನ್ನು ಮತ್ತೆ ಎಬ್ಬಿಸಲು ಒಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತೂ ಪರದೆ ಕಪ್ಪಾಗಿ, ನಡುವೆ ಒಂದು ಚಕ್ರ ಸುತ್ತುತ್ತಿತ್ತು. ಮೇಸ್ತ್ರಿ ಮೂವತ್ತು ವರ್ಷ ಪಾಳಿಯ ಮೇಲೆ ಪಾಳಿ ದುಡಿದವನು. ಮನೆಯಲ್ಲಿ ಮಾತೆಂದರೆ ಬಾಡಿಗೆ, ಗ್ಯಾಸು, ಮಗಳ ಫೀಸು, ಅಷ್ಟೇ. ಈಗ ಚಕ್ರ ಸುತ್ತುವ ಆ ಒಂದೊಂದು ನಿಮಿಷದಲ್ಲಿ ಹೆಂಡತಿ ಮಾತಾಡತೊಡಗಿದಳು. ಮೊದಮೊದಲು ಅಂಗಡಿಯ ಗಿರಾಕಿಗಳ ಸುದ್ದಿ. ಆಮೇಲೆ ಹಳೆಯದು. ಮಗಳಿಗೂ ಮೊದಲು ಒಂದು ಗಂಡುಮಗು ಹುಟ್ಟಿ ಹನ್ನೊಂದು ದಿನ ಬದುಕಿತ್ತು. ಅದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿದ್ದೇ ಇಲ್ಲ. ಅವಳು ಎತ್ತಿದಳು, ತುಣುಕು ತುಣುಕಾಗಿ, ಒಂದು ಸಾವಿಗೆ ಒಂದು ತುಣುಕು. ಅದು ಹೋದ ದಿನ ಮೇಸ್ತ್ರಿ ಎರಡನೇ ಪಾಳಿಗೂ ನಿಂತುಬಿಟ್ಟಿದ್ದ. ಈಗ ಬಂದಾನು ಎಂದು ಅವಳು ಬಾಗಿಲಿಗೆ ಚಿಲಕವನ್ನೇ ಹಾಕಿರಲಿಲ್ಲವಂತೆ. ಅವನು ಚಕ್ರ ನೋಡುತ್ತ ಎಲ್ಲ ಕೇಳಿಸಿಕೊಂಡ.

"ಅದಕ್ಕೊಂದು ಹೆಸರು ಇಟ್ಕೊಂಡಿದ್ದೆ, ಮನಸ್ಸಲ್ಲೇ," ಎಂದು ಅವಳು ಅನ್ನುವಷ್ಟರಲ್ಲಿ ಸಿಪಾಯಿ ಎದ್ದು ನಿಂತ. "ಇನ್ನೊಂದ್ಸಲ ಬೀಳಲಿ, ಹೇಳ್ತೀನಿ."

ಸಿಪಾಯಿ ಮತ್ತೆ ಬೀಳುವ ಮೊದಲೇ, ಪರವೂರಿನಲ್ಲಿದ್ದ ಮಗಳು ಬಂದಳು. ಇಬ್ಬರೂ ಒಂದೇ ರಿಮೋಟಿಗೆ ಜೋತುಬಿದ್ದಿರುವುದನ್ನು ಕಂಡು ನಕ್ಕುಬಿಟ್ಟಳು. "ಅಯ್ಯೋ ಅಪ್ಪ, ಒಂದೇ ಕೈಲಿ ಆಡೋಕೆ ಇದರಲ್ಲೇ ದಾರಿ ಇದೆ. ಗೇಮಿನ ಜೊತೆ ಕೊಟ್ಟ ಪುಸ್ತಕದ ಮೊದಲನೇ ಪುಟದಲ್ಲೇ ಬರೆದಿದಾರೆ, ನೋಡ್ಲಿಲ್ವಾ?"

ಮೇಸ್ತ್ರಿ ಎಲ್ಲಿ ನೋಡಿಯಾನು? ಯಂತ್ರ ಕಲಿಯುವುದು ಕೈಯಿಂದ, ಕಾಗದದಿಂದಲ್ಲ ಎನ್ನುವುದು ಅವನ ಜೀವಮಾನದ ಹಠ. ಮಗಳು ಎರಡೇ ನಿಮಿಷದಲ್ಲಿ ನೆಗೆತವನ್ನು ಅವನ ಎಡಗೈಯ ತೋರುಬೆರಳಿನ ಕೆಳಗಿನ ಬಟನ್ನಿಗೆ ತಂದಳು. ಮೂರನೇ ಸಲಕ್ಕೆ ಸಿಪಾಯಿ ಸೇತುವೆ ದಾಟಿದ. ಕೈ ಹೋದಮೇಲೆ ಮೇಸ್ತ್ರಿ ತಾನೊಬ್ಬನೇ ಮಾಡಿ ಮುಗಿಸಿದ ಮೊದಲ ಕೆಲಸ ಅದು.

"ದಾಟಿದಿರಾ? ಒಳ್ಳೇದಾಯ್ತು," ಎಂದು ಹೆಂಡತಿ ಸ್ಟೂಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಹದಿನೈದು ದಿನದಲ್ಲಿ ಅವನು ಒಂಬತ್ತು ಘಟ್ಟ ದಾಟಿದ. ಮನೆಯಲ್ಲಿ ಮತ್ತೆ ಬಾಡಿಗೆ, ಗ್ಯಾಸು. ಬಲಗಡೆಯ ಖಾಲಿ ಜಾಗ ಕೈಗಿಂತ ಹೆಚ್ಚು ನೋಯತೊಡಗಿದಾಗ, ಗೇಮನ್ನು ಮೊದಲಿನಂತೆ ಮಾಡಬೇಕು ಅನ್ನಿಸಿತು. ಹೇಗೆಂದು ಗೊತ್ತಿಲ್ಲ. ಮಗಳನ್ನು ಕೇಳಲು ನಾಚಿಕೆ. ಹೆಂಡತಿ ಅಂಗಡಿಗೆ ಹೋಗಿದ್ದಾಗ ಜನ್ಮದಲ್ಲಿ ಮೊದಲ ಬಾರಿಗೆ ಯಂತ್ರದ ಪುಸ್ತಕ ಹುಡುಕಿದ. ಅವಳು ಬಿಲ್ಲುಗಳನ್ನು ಇಡುವ ತಗಡಿನ ಡಬ್ಬಿಯಲ್ಲಿ ಸಿಕ್ಕಿತು. ಮೊದಲ ಪುಟದ ಮೂಲೆ ಮಡಚಿತ್ತು. 'ಒಂದೇ ಕೈಯಲ್ಲಿ ಆಡುವವರಿಗೆ' ಎಂಬ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ. ಗಿರಾಕಿಗಳಿಗೆ ದಿನಕ್ಕೆಷ್ಟು ಮಾತ್ರೆ ಎಂದು ತೋರಿಸಲು ಅವಳು ಎಳೆಯುವಂಥದ್ದೇ. ಪಕ್ಕದಲ್ಲಿ ಅವಳ ಅಭ್ಯಾಸದಂತೆ ತಾರೀಖು. ಗೇಮು ಮನೆಗೆ ಬಂದ ದಿನದ ತಾರೀಖು.

ಪುಸ್ತಕ ನೋಡಿ ನೆಗೆತವನ್ನು ಮತ್ತೆ ಬಲಗಡೆಯ ಬಟನ್ನಿಗೆ ತಂದಿಟ್ಟು, ಸಂಜೆ ಅವನೇ ಕರೆದ. "ಬಾರೇ, ನೆಗೆಯೋಕೆ ಆಳು ಬೇಕು." ಅವಳು ಒದ್ದೆ ಕೈಯಲ್ಲೇ ಬಂದು ನಿಂತಳು. ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಅವಳನ್ನು ನಗಿಸಬೇಕೆಂಬ ಆಸೆ ಅವನಿಗೆ. "ಪುಸ್ತಕ ಸಿಕ್ತು. ಗುರುತೂ ನೋಡಿದೆ. ಅಂತೂ ಬೇಕಂತಲೇ ತಡ ಮಾಡ್ತಿದ್ದೆ, ಕಳ್ಳಿ."

ಅವಳು ನಗಲಿಲ್ಲ. ಮುಖ ಸಣ್ಣದಾಯಿತು. ಕೈ ಒರೆಸಿಕೊಂಡು, ಸ್ಟೂಲು ತಂದು ಕೂತಳು.

"ನೆಗಿ," ಅಂದ. ಒತ್ತಿದಳು, ಸರಿಯಾದ ಗಳಿಗೆಗೆ. ಮತ್ತೆ ಅಂದ, ಮತ್ತೆ ಸರಿಯಾಗಿ. ಸಿಪಾಯಿ ಬೀಳಲೇ ಇಲ್ಲ. ಕೊನೆಗೆ ಮೇಸ್ತ್ರಿ ಬಾಯಿ ಬಿಡದೆ, ತಾನಾಗಿಯೇ ಅವನನ್ನು ಹಳ್ಳಕ್ಕೆ ನಡೆಸಿದ. ಪರದೆ ಕಪ್ಪಾಯಿತು. ಚಕ್ರ ಸುತ್ತಿತು. "ಆ ಹೆಸರು," ಎಂದು ಶುರುಮಾಡಿದ.

"ಎದ್ದ ನೋಡಿ," ಅಂದಳು. ಸಿಪಾಯಿ ಇನ್ನೂ ಎದ್ದಿರಲಿಲ್ಲ. ಚಕ್ರ ನಿಲ್ಲುವತನಕ ಇಬ್ಬರೂ ಅದನ್ನೇ ನೋಡುತ್ತ ಕೂತರು.

ಆ ಸಂಜೆ ನಾಲ್ಕು ಘಟ್ಟ ದಾಟಿದರು. ಕ್ಯಾಲೆಂಡರಿನ ಬೆನ್ನಿಗೆ ಒಂದೇ ಗೀಟು ಬಿತ್ತು. ಮಗುವಿನ ಹೆಸರು ಏನೆಂದು ತಿಳಿಯಲಿಲ್ಲ.