ಸಣ್ಣಮ್ಮನ ಬಲಗೈ

ಪ್ರಯೋಗದ ಇಪ್ಪತ್ತೊಂದನೆಯ ದಿನ ಉಡಿಗಾಲದ ಅರಿಶಿನದ ಹೊಲದಲ್ಲಿ, ಕಳೆ ಕೀಳುವ ಸಣ್ಣಮ್ಮನ ಕೈಗಳನ್ನು ಜೋಡಿಸಿ ನೋಡಿದ ಶಿವರಂಜಿನಿ ದಂಗಾದಳು. ಏನೂ ಹಚ್ಚದ ಎಡಗೈ ಬಿಸಿಲಿಗೆ ಕಪ್ಪಿಟ್ಟಿತ್ತು. ತಾನು ಕಾಲೇಜಿನ ಲ್ಯಾಬಿನಲ್ಲಿ ಚೆಂಡುಹೂವಿನಿಂದ ಮಾಡಿದ, ಬಿಸಿಲು ತಡೆಯುವ ಲೋಷನ್ ಹಚ್ಚಿದ್ದ ಬಲಗೈಗೆ ಬಿಸಿಲು ತಾಕಿದ ಗುರುತೇ ಇರಲಿಲ್ಲ. ಎರಡು ವರ್ಷದ ದುಡಿಮೆ ಫಲಿಸಿತ್ತು.

“ಲೋಷನ್ ಹಚ್ಕೊಂಡ ಬೇರೆ ಯಾರ ಕೈಯೂ ಹಿಂಗೆ ಉಳ್ದಿಲ್ಲ, ಸಣ್ಣಮ್ಮಕ್ಕ.”

“ನನ್ನಂಗೆ ಯಾರ್ ಜ್ವಾಪಾನ ಮಾಡಾರು ಬುಡವ್ವ,” ಎನ್ನುತ್ತ ಸಣ್ಣಮ್ಮ ಮತ್ತೆ ಕೆಲಸಕ್ಕೆ ಎದ್ದು, ಬದುವಿನ ಮೇಲಿದ್ದ ಗಂಡನ ಹಳೇ ಶರ್ಟನ್ನು ಸೀರೆಯ ಮೇಲೆ ತೊಟ್ಟಳು. ಅದರ ಎಡತೋಳನ್ನು ಭುಜದವರೆಗೆ ಕತ್ತರಿಸಿದ್ದಳು. ಬಲತೋಳು ಬೆರಳು ಮುಚ್ಚುವಷ್ಟು ಉದ್ದವಿತ್ತು.

ಫಲಿತಾಂಶ ಬರೆದುಕೊಳ್ಳುತ್ತಿದ್ದ ಶಿವರಂಜಿನಿಯ ಪೆನ್ನು ಅಲ್ಲೇ ನಿಂತಿತು.

“ಬಿಸ್ಲಲ್ಲಿ ಇಡಬ್ಯಾಡಿ ಅಂತ ಬಾಟ್ಲಿ ಮ್ಯಾಲೆ ನೀನೇ ಬರ್ದಿದ್ದಲ್ಲ,” ಎಂದಳು ಸಣ್ಣಮ್ಮ. “ನಿನ್ ಲೋಷನ್‌ಗೆ ಒಂದಿನಾನೂ ಬಿಸ್ಲು ತಾಕಕೆ ಬುಡ್ನಿಲ್ಲ.”