ಸ್ಟೋರಿನ ಕಣ್ಣು

ಹೆಲ್ಮೆಟ್‌ಗಿಂತ ಕಣ್ಣು ಅಗ್ಗವಾದ ಮೇಲೆ ಕಾರ್ಖಾನೆಯವರು ಹೆಲ್ಮೆಟ್ ತರಿಸುವುದನ್ನೇ ಬಿಟ್ಟರು. ಟಿಗ್ ವೆಲ್ಡಿಂಗ್‌ನ ಬೆಳಕಿಗೆ ಕಣ್ಣು ಸುಟ್ಟರೆ ಸ್ಟೋರಿನಲ್ಲಿ ಸಹಿ ಹಾಕಿ ಹೊಸ ಜೋಡಿ ಪಡೆಯಬೇಕು, ಅಷ್ಟೆ. ಫಕ್ಕೀರವ್ವ ಮಾತ್ರ ಮುಖ ಮುಚ್ಚುವ ಕಪ್ಪು ಗಾಜಿನ ತನ್ನ ಹಳೆಯ ಹೆಲ್ಮೆಟ್ ಬಿಟ್ಟಿರಲಿಲ್ಲ.

ಇಂದು ಕುಬಸದ ಎಂಬ ಮೇಲ್ವಿಚಾರಕ ಅದನ್ನು ಕಿತ್ತುಕೊಂಡ. “ಬೆಸುಗೆಗೊಮ್ಮೆ ಏರಿಸೂದು, ಇಳಿಸೂದು. ಹೊತ್ತು ಹಾಳು ಮಾಡ್ತಿ!”

“ಇವು ನಮ್ಮವ್ವ ಹಡೆದು ಕೊಟ್ಟ ಕಣ್ಣು ರೀ. ಸುಡಾಕ ಬಿಡಂಗಿಲ್ಲ.”

“ಸ್ಟೋರಿನಾವು ಇನ್ನೂ ಚಂದ ಅದಾವು.”

ಫಕ್ಕೀರವ್ವನಿಗೆ ಸಿಟ್ಟು ನೆತ್ತಿಗೇರಿತು. “ಹಂಗಾದ್ರ ನೀವ ಕಣ್ತುಂಬ ನೋಡ್ರಿ,” ಎಂದು ವೆಲ್ಡಿಂಗ್ ಟಾರ್ಚ್ ಹಿಡಿದು, ಅದರ ಬೆಳಕು ಹೊತ್ತಿಸುವ ಪೆಡಲ್‌ನತ್ತ ಕಾಲೆತ್ತಿದಳು.

ಕಾಲು ಇಳಿಯುವ ಮೊದಲೇ ಮೇಲ್ವಿಚಾರಕ ಅವಳ ಹೆಲ್ಮೆಟನ್ನು ತನ್ನ ಮುಖಕ್ಕೆ ಹಿಡಿದುಕೊಂಡಿದ್ದ.

“ಚಂದ ಕಣ್ಣು ಬ್ಯಾಡಾದುವೇನ್ರಿ?” ಎಂದವಳೇ ಅದನ್ನು ಕಸಿದು ತಲೆಗೇರಿಸಿದಳು.